ಸಕ್ಕರೆ ಡಬ್ಬಿಗೆ ಸರ್ಕಾರದ ಮುದ್ರೆ

ಮೂವತ್ತೆರಡು ಎಂದರೆ ಮೂವತ್ತೆರಡು. ಇಪ್ಪತ್ತೊಂಬತ್ತಲ್ಲ. ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇನ್‌ಸ್ಪೆಕ್ಟರ್. ಒಂದು ಕಿಲೋ ಎಂದು ಬರೆದ ಪೊಟ್ಟಣದಲ್ಲಿ ಹತ್ತು ಗ್ರಾಂ ಕಡಿಮೆ ಸಿಕ್ಕರೂ ಅಂಗಡಿಯವನ ಜನ್ಮ ಜಾಲಾಡಿ ಬರುವವನು. ಬೀದಿಯವರು ನನ್ನನ್ನು ‘ತಕ್ಕಡಿ ಸಾಹೇಬರು’ ಎನ್ನುತ್ತಾರೆ. ಬೆನ್ನ ಹಿಂದೆ ಇನ್ನೇನೆನ್ನುತ್ತಾರೋ ತಿಳಿಯದು. ಅಂಥವನ ಸ್ವಂತ ಹೆಂಡತಿಯ ಬಾಯಲ್ಲಿ ಮೂರು ಹಲ್ಲು ಕಡಿಮೆ, ನಾಲ್ಕು ಹುಳುಕು, ಇನ್ನೊಂದು ಇವತ್ತೋ ನಾಳೆಯೋ ಎನ್ನುವಂತಿದೆ ಎಂದು, ನನ್ನ ಮಗಳಿಗಿಂತ ಐದಾರು ವರ್ಷ ದೊಡ್ಡವಳಂತೆ ಕಾಣುವ ಹಲ್ಲಿನ ಡಾಕ್ಟರಮ್ಮ ಮುಖದ ಮೇಲೆ ಹೊಡೆದಂತೆ ಹೇಳಿದರೆ ಸಿಟ್ಟು ಬರಬೇಕೋ ಬೇಡವೋ, ನೀವೇ ಹೇಳಿ.

ನನಗಂತೂ ಬಂತು. ನನಗೀಗ ನಲವತ್ತೆಂಟು. ಮೂವತ್ತೆರಡಕ್ಕೆ ಮೂವತ್ತೆರಡೂ ಸ್ವಸ್ಥಾನದಲ್ಲಿವೆ, ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಎಣಿಸಿಕೊಳ್ಳುತ್ತೇನೆ. ಒಂದೇ ಮನೆ, ಒಂದೇ ಅಡುಗೆ, ಒಂದೇ ನಲ್ಲಿಯ ನೀರು. ನನ್ನವು ಉಳಿದು ಅವಳವು ಮಾತ್ರ ಹೋಗುತ್ತಿವೆ ಎಂದರೆ ಅದರಲ್ಲಿ ಏನೋ ಕಳ್ಳತನವಿರಲೇಬೇಕು.

ಡಾಕ್ಟರ ಹತ್ತಿರ ಹೋಗಿದ್ದು ಒಂದು ಶನಿವಾರ. ಹೆಂಡತಿಯ ಎಡಗೆನ್ನೆ ಊದಿಕೊಂಡು ಎರಡು ದಿನದಿಂದ ಅವಳು ಮಾತು ನಿಲ್ಲಿಸಿದ್ದಳು. ಮೊದಲ ದಿನ ಅದನ್ನು ನೆಮ್ಮದಿ ಎಂದುಕೊಂಡೆ. ಎರಡನೆಯ ದಿನ ನನ್ನಮ್ಮನೇ, ಮನೆ ಬಿಕೋ ಎನ್ನುತ್ತಿದೆ, ಇವಳನ್ನು ಯಾರಿಗಾದರೂ ತೋರಿಸು ಎಂದಳು. ಡಾಕ್ಟರಮ್ಮ ಹೆಂಡತಿಯ ಬಾಯಿ ತೆರೆಸಿ, ದೀಪ ಬಿಟ್ಟು, ಪುಟ್ಟ ಕನ್ನಡಿ ಆಡಿಸಿ, ಹತ್ತಿ ತುರುಕಿ, ಆಮೇಲೆ ಪ್ರಶ್ನೆ ಕೇಳತೊಡಗಿದರು. ಬಾಯಿಗೆ ಹತ್ತಿ ತುರುಕಿ ಪ್ರಶ್ನೆ ಕೇಳುವುದು ಯಾವ ನ್ಯಾಯ? ಹಾಗಾಗಿ ಉತ್ತರಗಳನ್ನೆಲ್ಲ ನಾನೇ ಕೊಟ್ಟೆ. ಏನು ತಿನ್ನುತ್ತಾರೆ ಎಂದರು. ನಾವು ತಿನ್ನುವುದನ್ನೇ ಎಂದೆ. ಯಾವಾಗ ಎಂದರು, ನಾವು ತಿನ್ನುವಾಗಲೇ ಎಂದೆ. ಹಲ್ಲುಜ್ಜುವುದು? ನಮ್ಮದು ಶಿಸ್ತಿನ ಮನೆ, ಬೆಳಿಗ್ಗೆ ಆರು ಗಂಟೆಗೆ ಎಂದೆ. ಹೆಂಡತಿ ಹತ್ತಿಯೊಳಗಿಂದ ಏನೋ ಸದ್ದು ಮಾಡಿದಳು. ನೋವಿರಬೇಕು ಎಂದುಕೊಂಡೆ.

“ನೋಡಿ ಸಾರ್, ಇವರ ಬಾಯಿಗೆ ಸಕ್ಕರೆ ಪದೇ ಪದೇ ಹೋಗ್ತಾ ಇದೆ. ಎಷ್ಟು ಅನ್ನೋದಕ್ಕಿಂತ ಎಷ್ಟು ಸಲ ಅನ್ನೋದು ಮುಖ್ಯ. ರಾತ್ರಿ ಉಜ್ಜದೇ ಮಲಗ್ತಾರೆ, ವಸಡಿಂದ ರಕ್ತ ಬರ್ತಿದೆ. ಮನೇಲಿ ಸ್ವಲ್ಪ ಗಮನ ಕೊಡಿ,” ಎಂದರು ಡಾಕ್ಟರಮ್ಮ.

ಕೆಳಗಿನ ಎಡದವಡೆಯ ಹಲ್ಲನ್ನು ಇನ್ನೂ ಉಳಿಸಬಹುದಂತೆ. ಊತ ಇಳಿಯಲು ಮಾತ್ರೆ ಬರೆದುಕೊಟ್ಟು, ಹತ್ತು ದಿನ ಬಿಟ್ಟು ಮಂಗಳವಾರ ಸಂಜೆ ನಾಲ್ಕಕ್ಕೆ ಬನ್ನಿ, ಬೇರಿನ ಚಿಕಿತ್ಸೆ ಶುರು ಮಾಡೋಣ ಎಂದರು. ಇದು ನಾಲ್ಕನೆಯ ಸಲ ದಿನ ಗೊತ್ತು ಮಾಡುತ್ತಿರುವುದು, ಈ ಸಲವೂ ತಪ್ಪಿಸಿದರೆ ಕೀಳುವುದೊಂದೇ ದಾರಿ ಎಂದೂ ಸೇರಿಸಿದರು. ಹೆಂಡತಿ ಅಲ್ಲಿಗೆ ಮೊದಲೇ ಮೂರು ಸಲ ಹೆಸರು ಬರೆಸಿದ್ದಳೆಂಬುದೇ ನನಗೆ ಗೊತ್ತಿರಲಿಲ್ಲ. ಗಂಡನಿಗೆ ತಿಳಿಸದೆ ಹಲ್ಲು ಕೆಡಿಸಿಕೊಂಡಿದ್ದಲ್ಲದೆ ಗಂಡನಿಗೆ ತಿಳಿಸದೆ ರಿಪೇರಿಗೂ ಓಡಾಡಿದ್ದಾಳೆ. ನನ್ನ ಸಿಟ್ಟು ಎರಡು ಪಟ್ಟಾಯಿತು.

ಮನೆಯಲ್ಲಿ ಗಮನ ಕೊಡಿ ಎಂದರಲ್ಲ, ನಮ್ಮ ಇಲಾಖೆಯ ಭಾಷೆಯಲ್ಲಿ ಗಮನ ಕೊಡುವುದೆಂದರೆ ತಪಾಸಣೆ. ‘ಎಷ್ಟು ಸಲ’ ಎಂಬ ಮಾತು ನನ್ನ ತಲೆಯಲ್ಲಿ ನಿಲ್ಲಲಿಲ್ಲ. ಎಷ್ಟು ಸಲ ಎಂಬುದನ್ನು ತೂಗುವ ತಕ್ಕಡಿಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಎಷ್ಟು ಎಂಬುದು ನಿಂತಿತು. ಭಾನುವಾರ ಬೆಳಿಗ್ಗೆ ಸಕ್ಕರೆ ಡಬ್ಬಿಯನ್ನು ತೂಗಿದೆ. ಸಂಜೆ ಮತ್ತೆ ತೂಗಿದೆ. ನೂರ ಮೂವತ್ತೈದು ಗ್ರಾಂ ಮಾಯ.

ಮನೆಯವರನ್ನೆಲ್ಲ ಅಡುಗೆಮನೆಗೆ ಕರೆಸಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ ಎನ್ನುವ ಹಾಗೆ, ನಾನಿನ್ನೂ ಬಾಯಿ ತೆರೆಯುವ ಮೊದಲೇ ಅಮ್ಮ ಸೆರಗಿನಿಂದ ತುಟಿ ಒರೆಸಿಕೊಂಡಳು. ಹದಿನೈದರ ಮಗಳು ನನಗೆ ಪರೀಕ್ಷೆ ಇದೆ ಎಂದು ಹೋಗಲು ನೋಡಿದಳು. ಹೆಂಡತಿ ಮಾತ್ರ ಕೆನ್ನೆಗೆ ಕೈಯಿಟ್ಟುಕೊಂಡು, ಮನೆಮಂದಿಯ ಚಹಾಕ್ಕೆಲ್ಲ ಸಕ್ಕರೆ ಹಾಕುವವಳು ನಾನೇ, ಅದನ್ನೇನು ತೂಗುತ್ತೀರಿ ಎಂದಳು. ಆರೋಪಿಗಳು ಮೊದಲು ಆಡುವ ಮಾತೇ ಅದು ಎಂದು ನಾನು ಅದನ್ನು ತಳ್ಳಿಹಾಕಿದೆ.

ಅಮ್ಮ ಸೊಸೆಯ ಪರ ವಹಿಸಿದಳು, ಅವಳದೇ ರೀತಿಯಲ್ಲಿ. ಮಗುವಿಗೊಂದು ಹಲ್ಲು ಹೋಗುವುದು ಹೆಣ್ಣಿನ ಹಣೆಬರಹ, ಅದಕ್ಕೆಲ್ಲ ಡಾಕ್ಟರ ಹತ್ತಿರ ಓಡುತ್ತಾರೆಯೇ ಎಂದಳು. ನಾನು ಲೆಕ್ಕದವನು. ನಮಗಿರುವುದು ಒಂದೇ ಮಗು, ಹೋಗಿರುವುದು ಮೂರು ಹಲ್ಲು. ಅಮ್ಮನ ಬಾಯಲ್ಲಂತೂ ಉಳಿದಿರುವುದೇ ಹನ್ನೊಂದು, ಅವಳು ಹೆತ್ತದ್ದು ಮೂವರನ್ನು. ಆ ಲೆಕ್ಕದಲ್ಲಿ ನಾನು ಈವರೆಗೆ ಮುಖ ನೋಡದ ಅಣ್ಣತಮ್ಮಂದಿರು, ಅಕ್ಕತಂಗಿಯರು ಹದಿನೆಂಟು ಜನ ಎಲ್ಲೋ ಇರಬೇಕು. ಹಾಗೆಂದಿದ್ದಕ್ಕೆ ಅಮ್ಮ ಎರಡು ದಿನ ನನ್ನೊಡನೆ ಮಾತು ಬಿಟ್ಟಳು.

ಸೋಮವಾರ ಬೆಳಿಗ್ಗೆ ಒಬ್ಬೊಬ್ಬರಿಗೆ ಎರಡೆರಡು ಚಮಚದಂತೆ ಸಕ್ಕರೆ ತೆಗೆದಿಟ್ಟು, ಡಬ್ಬಿಯ ಮುಚ್ಚಳಕ್ಕೂ ಕಂಠಕ್ಕೂ ತೂತು ಕೊರೆದು, ತಂತಿ ಪೋಣಿಸಿ, ಗಂಟಿನ ಮೇಲೆ ಸೀಸದ ಬಿಲ್ಲೆಯಿಟ್ಟು, ಇಕ್ಕಳದಿಂದ ಒತ್ತಿದೆ. ಅಂಗಡಿಗಳ ತಕ್ಕಡಿಗೆ ಒತ್ತುವ ಅದೇ ಮುದ್ರೆ. ಅದನ್ನು ಒಡೆದವರಿಗೆ ಕಾನೂನಿನಲ್ಲಿ ಶಿಕ್ಷೆಯುಂಟು ಎಂದು ಮೂವರಿಗೂ ಓದಿ ಹೇಳಿದೆ. ಕೆಲಸ ಎಷ್ಟು ಅಚ್ಚುಕಟ್ಟಾಗಿ ಬಂದಿತ್ತೆಂದರೆ, ಕಚೇರಿಗೆ ಹೊರಡುವ ಮುಂಚೆ ಇನ್ನೊಂದು ಸಲ ಒಳಗೆ ಬಂದು ನೋಡಿಹೋದೆ.

ಆ ಮುದ್ರೆಯನ್ನು ಮೊದಲು ಕಂಡ ಹೊರಗಿನವಳು ಕೆಳಮನೆಯ ಟೈಲರಮ್ಮ. ಮಗಳ ಲಂಗದ ಅಂಚು ಹೊಲಿದು ಕೊಡಲು ಬಂದವಳು ಚಹಾಕ್ಕೆ ಕೂತಳು. ಸಪ್ಪೆ ಚಹಾ ಬಾಯಿಗಿಟ್ಟು ಡಬ್ಬಿಯತ್ತ ನೋಡಿದಳು. ಹೆಂಡತಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾಳೆ. ಆದರೆ ಸುದ್ದಿ ಎನ್ನುವುದು ಮೆಟ್ಟಿಲು ಇಳಿಯುತ್ತ ಬೆಳೆಯುತ್ತದೆ. ಕಟ್ಟಡದ ಬಾಗಿಲು ದಾಟುವ ಹೊತ್ತಿಗೆ, ಹೆಂಗಸರ ಹಲ್ಲು ಕೆಟ್ಟಿರುವ ಮನೆಗಳ ಸಕ್ಕರೆ ಡಬ್ಬಿಗೆ ಸರ್ಕಾರ ಮುದ್ರೆ ಒತ್ತಿಸುತ್ತಿದೆ, ತಪಾಸಣೆಗೆ ತಕ್ಕಡಿ ಸಾಹೇಬರನ್ನೇ ನೇಮಿಸಿದೆ ಎಂದಾಗಿತ್ತು.

ಸಂಜೆ ನಾನು ಮನೆಗೆ ಬಂದರೆ ಮೆಟ್ಟಿಲ ತುಂಬ ಹೆಂಗಸರು. ಒಬ್ಬರು ಕರವಸ್ತ್ರ ಅಡ್ಡ ಹಿಡಿದಿದ್ದಾರೆ, ಒಬ್ಬರು ತುಟಿ ಬಿಗಿದಿದ್ದಾರೆ. ಹಿಂದೆ ಅವರವರ ಗಂಡಂದಿರು, ನಾನು ಆಗಲೇ ಹೇಳಿದ್ದೆ ಎನ್ನುವ ಮುಖ ಹೊತ್ತು ನಿಂತಿದ್ದಾರೆ. ಸರ್ಕಾರಕ್ಕೂ ಇದಕ್ಕೂ ಸಂಬಂಧವಿಲ್ಲ, ಮನೆಗೆ ಹೋಗಿ ಎನ್ನಬೇಕಾಗಿತ್ತು. ಹೇಳಲು ಬಾಯಿಯನ್ನೂ ತೆರೆದೆ. ಅಷ್ಟರಲ್ಲಿ ಮೂರನೆಯ ಮನೆಯ ಗಂಡಸು, ಇಲಾಖೆ ಒಳ್ಳೆಯ ಕೆಲಸ ಹಿಡಿದಿದೆ ಸಾರ್ ಎಂದುಬಿಟ್ಟ. ಇಪ್ಪತ್ತೆರಡು ವರ್ಷದಲ್ಲಿ ನಮ್ಮ ಇಲಾಖೆಯನ್ನು ಒಬ್ಬನಾದರೂ ಹೊಗಳಿದ್ದನ್ನು ನಾನು ಕೇಳಿರಲಿಲ್ಲ. ಮಗಳ ಕೈಯಲ್ಲಿ ಟಾರ್ಚ್ ತರಿಸಿ, ರಿಜಿಸ್ಟರ್ ತೆರೆದು, ಕುರ್ಚಿ ಎಳೆದುಕೊಂಡು ಕುಳಿತೆ.

ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿರುವಾಕೆ ಬಂದರು. ನಾಲಿಗೆ ಒಣಗಿತ್ತು, ವಸಡು ಕೆಂಪಾಗಿತ್ತು. ದಿನವಿಡೀ ನೀರು ಕುಡಿಯುವುದಿಲ್ಲವಂತೆ. ಅವರ ಶಾಖೆಯಲ್ಲಿ ಹೆಂಗಸರ ಶೌಚಾಲಯಕ್ಕೆ ಬೀಗ ಹಾಕಿ ಹಳೆಯ ಕಡತ ತುಂಬಿದ್ದಾರಂತೆ. ನಾನು ಅದನ್ನೆಲ್ಲ ಬರೆದುಕೊಳ್ಳಲಿಲ್ಲ. ಮನೆಯಲ್ಲಿ ವಾರಕ್ಕೆ ಎಷ್ಟು ಸಕ್ಕರೆ ಎಂದು ಕೇಳಿ, ಮುಂದೆ ‘ಕೊರತೆ’ ಎಂದು ಬರೆದೆ. ಶಾಲೆಯ ಮೇಡಂ ಬಂದರು. ಅರವತ್ತು ಮಕ್ಕಳ ಮುಂದೆ ಕೂಗಿ ಗಂಟಲು ಕಟ್ಟುತ್ತದೆಂದು ಬೆಳಗಿನಿಂದ ಸಂಜೆಯವರೆಗೆ ಕೆನ್ನೆಯೊಳಗೆ ಪೆಪ್ಪರ್‌ಮಿಂಟ್ ಇಟ್ಟುಕೊಳ್ಳುತ್ತಾರಂತೆ. ಕೊರತೆ. ಕೊನೆಗೆ ಟೈಲರಮ್ಮ. ಮೂವತ್ತು ವರ್ಷ ದಾರ ಕಚ್ಚಿ ಕಚ್ಚಿ ಅವಳ ಮುಂದಿನ ಹಲ್ಲಿನಲ್ಲಿ ಒಂದು ಕಚ್ಚು ಬಿದ್ದಿತ್ತು. ಕತ್ತರಿ ಇಲ್ಲವೇ ಎಂದು ಗದರಿದೆ.

“ಕತ್ತರಿ ಇದೆ ಸಾಹೇಬ್ರೇ, ಮೂರನೇ ಕೈ ಇಲ್ಲ,” ಎಂದಳು ಟೈಲರಮ್ಮ. “ನಮ್ಮ ಬಾಯಿಗೆಲ್ಲ ದೀಪ ಬಿಟ್ರಿ, ಸರಿ. ನಿಮ್ಮ ಮನೆಯವರು ಇವತ್ತು ಮಧ್ಯಾಹ್ನ ಏನು ಉಂಡ್ರು, ಎಷ್ಟು ಗಂಟೆಗೆ ಉಂಡ್ರು, ಹೇಳಿ ನೋಡೋಣ.”

ಅಧಿಕಾರಿಯನ್ನು ಪ್ರಶ್ನಿಸುವುದು ತಪಾಸಣೆಯ ಕ್ರಮವಲ್ಲ. ಅವಳ ಹೆಸರಿನ ಮುಂದೆ ‘ಕೊರತೆ’ ಎಂದು ಎರಡು ಸಲ ಬರೆದು ಕೆಳಗೆ ಗೆರೆ ಎಳೆದೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ ಎಂದು ಗೊಣಗುತ್ತ ಅವಳು ಇಳಿದುಹೋದಳು. ಆ ಗಾದೆಯನ್ನು ಯಾರಿಗೆ ಅಂದಳೆಂದು ನಾನು ಆಗ ಯೋಚಿಸಲಿಲ್ಲ.

ಎರಡೇ ದಿನದಲ್ಲಿ ಕಚೇರಿಗೆ ಅರ್ಜಿ ಹೋಯಿತು. ಕರಡು ಕ್ಯಾಷಿಯರಮ್ಮನದು, ಕೈಬರಹ ಮೇಡಂದು, ಮೊದಲ ಸಹಿ ಟೈಲರಮ್ಮನದು. ಹೆಂಗಸರ ಬಾಯಿ ಯಾವ ಕಾಯಿದೆಯ ಪ್ರಕಾರ ತೂಕ ಮತ್ತು ಅಳತೆಯ ವ್ಯಾಪ್ತಿಗೆ ಬರುತ್ತದೆ, ದಯವಿಟ್ಟು ತಿಳಿಸಬೇಕು ಎಂದು ಕೇಳಿದ್ದರು. ನಮ್ಮ ಮೇಲಧಿಕಾರಿ ಸಾಹೇಬರು ನಗುವುದನ್ನು ಯಾರೂ ಕಂಡಿಲ್ಲ. ಅರ್ಜಿಯನ್ನು ಎರಡು ಸಲ ಓದಿ ನನ್ನನ್ನು ಒಳಗೆ ಕರೆಸಿದರು. ಬಾಯಿಯ ವಿಷಯ ಆಮೇಲೆ ನೋಡೋಣ, ಸರ್ಕಾರದ ಮುದ್ರೆ ಖಾಸಗಿ ಡಬ್ಬಿಯ ಮೇಲೆ ಹೇಗೆ ಬಂತು ಎಂದರು. ಸ್ಥಳ ಪರಿಶೀಲನೆಗೆ ತಾವೇ ಬರುವುದಾಗಿ, ಅಲ್ಲಿಯವರೆಗೆ ಮುದ್ರೆಯನ್ನು ಯಾರೂ ಮುಟ್ಟಕೂಡದೆಂದು ಆಜ್ಞೆಯಾಯಿತು. ದಿನ, ಮಂಗಳವಾರ. ಸಮಯ, ಮೂರೂವರೆ.

ಮನೆಗೆ ಬಂದು ಹೇಳಿದೆ. ಹೆಂಡತಿ, ಅವತ್ತೇ ನಾಲ್ಕಕ್ಕೆ ನನ್ನ ಹಲ್ಲು ಎಂದಳು. ನನಗೆ ರೇಗಿಹೋಯಿತು. ಗಂಡನ ಕೆಲಸದ ಮೇಲೆ ತೂಗುಗತ್ತಿ ಇರುವಾಗ ಇವಳಿಗೆ ಹಲ್ಲಿನ ಚಿಂತೆ. ವಿಚಾರಣೆಗೆ ನೀನಿಲ್ಲದಿದ್ದರೆ ಹೇಗೆ, ಸಾಹೇಬರಿಗೆ ಚಹಾ ಮಾಡುವವರು ಯಾರು, ಹಲ್ಲು ಎಲ್ಲಿಗೆ ಓಡಿಹೋಗುತ್ತದೆ ಎಂದೆಲ್ಲ ಕೂಗಾಡಿದೆ. ಅವಳು ಮಾತ್ರೆ ನುಂಗಿ, ಬಲಗಡೆಯಿಂದ ನೀರು ಕುಡಿದು, ಪಾತ್ರೆ ತೊಳೆಯಲು ಹೋದಳು.

ಮಂಗಳವಾರ ಸಾಹೇಬರು ಮೂರೂವರೆಗೆ ಸರಿಯಾಗಿ ಬಂದರು. ಅಡುಗೆಮನೆಯಲ್ಲೇ ಕುರ್ಚಿ ಹಾಕಿಸಿಕೊಂಡರು. ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಒತ್ತಿರುವುದು ಮಾತ್ರ ಕ್ರಮಬದ್ಧವಾಗಿದೆ ಎಂದು ಒಪ್ಪಿದರು. ಬಾಗಿಲಲ್ಲಿ ಟೈಲರಮ್ಮ ಅರ್ಜಿದಾರರ ಪರವಾಗಿ ನಿಂತಿದ್ದಳು. ಅಮ್ಮ ಸ್ಟೂಲಿನ ಮೇಲೆ, ಮಗಳು ಹೊಸ್ತಿಲ ಮೇಲೆ. ಹೆಂಡತಿ ಸಪ್ಪೆ ಚಹಾ ಇಟ್ಟಳು. ಸಾಹೇಬರು ರಿಜಿಸ್ಟರ್ ಓದುತ್ತ ಓದುತ್ತ ಹುಬ್ಬು ಗಂಟಿಕ್ಕಿದರು.

“ಏನ್ರೀ ಇದು, ಗ್ರಾಂ ಬರೆದಿದ್ದೀರಿ, ಹೊತ್ತು ಬರೆದಿಲ್ಲ. ಯಾರು ಎಷ್ಟು ಗಂಟೆಗೆ ತಿಂದ್ರು ಅನ್ನೋ ಕಾಲಂ ಎಲ್ಲಿ? ಹೊತ್ತು ನಮೂದಿಸದ ತಪಾಸಣೆಗೆ ಬೆಲೆ ಇಲ್ಲ, ಇಷ್ಟು ವರ್ಷ ಕೆಲಸ ಮಾಡಿದವರಿಗೆ ನಾನು ಹೇಳಬೇಕಾ?” ಎಂದು ಸಾಹೇಬರು ಪೆನ್ನು ತೆಗೆದು ತಾವೇ ಗೆರೆ ಎಳೆದು, ಹೆಂಡತಿಯ ಕಡೆ ತಿರುಗಿ, ಹೇಳಿಯಮ್ಮ, ಬೆಳಗಿನಿಂದ ಹೇಳಿ ಎಂದರು.

ಈ ಸಲ ಅವಳ ಬಾಯಲ್ಲಿ ಹತ್ತಿಯಿರಲಿಲ್ಲ. ಅವಳು ಗಡಿಯಾರ ನೋಡಿದಳು. ಮೂರು ಮುಕ್ಕಾಲು.

“ಬೇಗ ಬರ್ಕೊಳ್ಳಿ ಸಾರ್, ನಾನು ಹೊರಡಬೇಕು. ಐದಕ್ಕೆ ಏಳ್ತೀನಿ, ನಿಂತ್ಕೊಂಡೇ ಒಂದು ಚಹಾ. ಐದೂವರೆಗೆ ಬಚ್ಚಲು ಅತ್ತೆದು. ಆರಕ್ಕೆ ಇವರದು, ಮುಕ್ಕಾಲು ಗಂಟೆ, ಹಲ್ಲು ಎಣಿಸ್ಬೇಕಲ್ಲ. ಆಮೇಲೆ ಮಗಳದು. ಅಷ್ಟರಲ್ಲಿ ತಿಂಡಿ ಆಗ್ಬೇಕು, ಊಟದ ಡಬ್ಬಿ ಕಟ್ಟಬೇಕು. ನಾನು ಅಡುಗೆಮನೆ ನಲ್ಲೀಲಿ ಬಾಯಿ ಮುಕ್ಕಳಿಸ್ತೀನಿ. ಎಂಟೂವರೆಗೆ ಇನ್ನೊಂದು ಚಹಾ, ಮಗಳು ಬಿಟ್ಟ ಬ್ರೆಡ್ಡಿನ ಅಂಚು. ಹತ್ತೂವರೆಗೆ ಚಹಾ, ಎರಡು ಬಿಸ್ಕತ್ತು. ಹನ್ನೆರಡಕ್ಕೆ ಹಸಿವಾಗುತ್ತೆ, ಮತ್ತೆ ಅದೇ. ಊಟ ಮೂರಕ್ಕೆ, ಮಿಕ್ಕಿದ್ದು. ಸಂಜೆ ಎಲ್ಲರೂ ಬಂದಾಗ ಎಲ್ಲರ ಜೊತೆ ಒಂದು. ರಾತ್ರಿ ಪಾತ್ರೆ ತೊಳೆದು ಬಚ್ಚಲಿಗೆ ಹೋದ್ರೆ ಅಲ್ಲಿ ನೆನೆಹಾಕಿದ ಬಟ್ಟೆ. ಕೂತಲ್ಲೇ ಕಣ್ಣು ಮುಚ್ಚುತ್ತೆ. ತೂಕ ಹಾಕಿದ್ರೆ ಈ ಮನೇಲಿ ಎಲ್ಲರಿಗಿಂತ ಕಡಿಮೆ ಸಕ್ಕರೆ ತಿನ್ನೋಳು ನಾನೇ. ಕೂತು ಉಣ್ಣೋಕೆ ಹೊತ್ತಿಲ್ಲದೇ ಚಹಾ ಕುಡಿದು ಹಸಿವು ತಡೀತಿದ್ದೀನಿ ಸಾರ್. ಕದ್ದು ತಿನ್ನೋಕೆ ನನಗೆ ಪುರುಸೊತ್ತೆಲ್ಲಿದೆ?”

ಸಾಹೇಬರ ಪೆನ್ನು ಓಡುತ್ತಲೇ ಇತ್ತು. ಮತ್ತೆ ಡಾಕ್ಟರು ಮೂರು ಸಲ ದಿನ ಕೊಟ್ಟಿದ್ದರಂತಲ್ಲ ಎಂದು ನಾನು ನಡುವೆ ಬಾಯಿ ಹಾಕಿದೆ. ನನ್ನ ಕಡೆಯ ಒಂದೇ ಸಾಕ್ಷ್ಯ ಅದು.

“ಒಂದು ಸಲ ನಿಮ್ಮ ಇಲಾಖೆ ಪರೀಕ್ಷೆ. ಒಂದು ಸಲ ಅತ್ತೆಗೆ ಮಂಡಿನೋವು. ಒಂದು ಸಲ ಇವಳ ಶಾಲೆಯವರು ಕರೆದಿದ್ರು. ಇವತ್ತು ನಿಮ್ಮ ವಿಚಾರಣೆ,” ಎಂದಳು.

ಅಷ್ಟರಲ್ಲಿ ಮಗಳು ಎದ್ದು ಬಚ್ಚಲಿಗೆ ಹೋಗಿ, ಬ್ರಷ್ ಇಡುವ ಲೋಟವನ್ನೇ ತಂದು ಸಾಹೇಬರ ಮುಂದೆ ಮೇಜಿನ ಮೇಲೆ ಕುಕ್ಕಿದಳು. ಅದರಲ್ಲಿ ಒಂದೇ ಪ್ಯಾಕೆಟ್ಟಿನ ಮೂರು ಬ್ರಷ್ಷುಗಳಿದ್ದವು, ನೀಲಿ, ಹಸಿರು, ಕೆಂಪು. ನಾಲ್ಕನೆಯದರ ಬಣ್ಣ ಹೇಳುವಂತಿರಲಿಲ್ಲ. ಎಳೆಗಳು ನಾಲ್ಕೂ ದಿಕ್ಕಿಗೆ ಬಾಗಿ ಮಲಗಿದ್ದವು. ಇದು ಬೂಟು ಒರೆಸುವುದೇ ಎಂದು ಸಾಹೇಬರು ಕೇಳಿದರು.

“ಅಮ್ಮಂದು. ಅಪ್ಪ ತರೋ ಪ್ಯಾಕೆಟ್ಟಲ್ಲಿ ಮೂರೇ ಇರೋದು. ಹೊಸದು ಬಿಚ್ಚಿದಾಗ ನಮ್ಮ ಹಳೇದರಲ್ಲಿ ಯಾವುದು ವಾಸಿಯೋ ಅದನ್ನ ಅಮ್ಮ ಇಟ್ಕೋತಾಳೆ,” ಎಂದಳು ಮಗಳು.

ಆ ಪ್ಯಾಕೆಟ್ಟನ್ನು ವರ್ಷಗಳಿಂದ ತರುತ್ತಿರುವವನು ನಾನು. ತರುವ ಮುಂಚೆ ಹಿಂದೆ ಮುಂದೆ ತಿರುಗಿಸಿ ಅದರ ಮೇಲಿನ ಸಂಖ್ಯೆ ಓದುತ್ತೇನೆ, ಒಳಗೆ ಎಣಿಸುತ್ತೇನೆ; ಮೂರು ಎಂದಿರುತ್ತದೆ, ಮೂರಿರುತ್ತದೆ, ಸರಿ ಎನ್ನುತ್ತೇನೆ. ಮನೆಯಲ್ಲಿ ನಾಲ್ಕು ಜನ ಎಂಬುದನ್ನು ಒಂದು ದಿನವೂ ಎಣಿಸಿರಲಿಲ್ಲ. ಹನ್ನೊಂದು ಹಲ್ಲಿನ ಅಮ್ಮನಿಗೂ ಹೊಸ ಬ್ರಷ್ ಸಿಕ್ಕಿತ್ತು. ದೀಪದ ಬುಡದಲ್ಲೇ ಕತ್ತಲೆ. ಅಮ್ಮ ತಲೆ ತಗ್ಗಿಸಿದಳು.

ಹೆಂಡತಿ ಸೆರಗು ಸರಿಮಾಡಿಕೊಂಡು ಚಪ್ಪಲಿ ಮೆಟ್ಟಿದಳು. ವಿಚಾರಣೆ ಮುಗಿದಿಲ್ಲ ಎಂದು ನಾನು ಹೇಳಹೊರಟೆ. ಸಾಹೇಬರು ನನ್ನತ್ತ ನೋಡದೆ ಕೈಯೆತ್ತಿ ಸುಮ್ಮನಿರಿಸಿ, ನೀವು ಹೋಗಿಬನ್ನಿಯಮ್ಮ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಎಂದರು. ಟೈಲರಮ್ಮ ಅವಳ ಜೊತೆ ಇಳಿದಳು. ಸಾಹೇಬರು ತಣ್ಣಗಾದ ಸಪ್ಪೆ ಚಹಾವನ್ನು ಕೊನೆಯ ಗುಟುಕಿನವರೆಗೆ ಕುಡಿದರು. ಮುದ್ರೆ ನನ್ನಿಂದಲೇ ಒಡೆಸಿ, ಇನ್ನು ಮುಂದೆ ಇಲಾಖೆ ಯಾರ ಅಡುಗೆಮನೆಗೂ ಕಾಲಿಡಕೂಡದೆಂದು ಬರೆದು ಸಹಿ ಹಾಕಿಸಿಕೊಂಡು ಹೋದರು.

ನಾನು ಓಡಿದೆ. ದಾರಿಯಲ್ಲಿ ಅಂಗಡಿ ಕಂಡಿತು, ನುಗ್ಗಿದೆ. ಸಿಟ್ಟನ್ನು ಎಲ್ಲಾದರೂ ಇಳಿಸಬೇಕಿತ್ತು. ಕುಟುಂಬದ ಪ್ಯಾಕು ಎಂದು ಬರೆದು ಮೂರೇ ಬ್ರಷ್ ಇಡುವುದು ಯಾವ ಸೀಮೆಯ ಅಳತೆ, ಕೇಸು ಹಾಕುತ್ತೇನೆ ಎಂದು ಅಂಗಡಿಯವನ ಮೇಲೆ ಹರಿಹಾಯ್ದೆ. ಅವನಿಗೆ ನನ್ನ ಕೂಗಾಟ ಹಳೆಯದು.

“ಬಿಡಿ ಬ್ರಷ್ಷೂ ಇದೆಯಲ್ಲ ಸಾರ್, ನೀವು ಯಾವತ್ತೂ ಕೇಳಲಿಲ್ಲ. ನಿಮ್ಮ ಮನೇಲಿ ಮೂರೇ ಜನ ಅಂದ್ಕೊಂಡಿದ್ದೆ,” ಎಂದ.

ಒಂದು ಬ್ರಷ್ ತೆಗೆದುಕೊಂಡೆ, ಹಳದಿ. ಆಸ್ಪತ್ರೆಯ ಬೆಂಚಿನ ಮೇಲೆ ಟೈಲರಮ್ಮನ ಪಕ್ಕ, ಅದನ್ನು ಕೈಯಲ್ಲಿ ಹಿಡಿದು ಕೂತೆ. ಒಳಗಿನ ಯಂತ್ರದ ಸದ್ದು ಕೇಳಿಸುವಾಗಲೆಲ್ಲ ನನ್ನ ದವಡೆಯೇ ಬಿಗಿಯುತ್ತಿತ್ತು. ಮುಕ್ಕಾಲು ಗಂಟೆಯ ಮೇಲೆ ಡಾಕ್ಟರಮ್ಮ ಹೊರಗೆ ಬಂದು, ಸರಿಯಾದ ಹೊತ್ತಿಗೆ ಬಂದರು, ಇನ್ನೆರಡು ಸಲ ಬಂದರೆ ಹಲ್ಲು ಉಳಿಯುತ್ತದೆ ಎಂದರು. ದಿನಕ್ಕೆ ಎರಡು ಸಲ ಉಜ್ಜಬೇಕು, ಚಹಾ ಕಡಿಮೆ ಮಾಡಿ ಹೊತ್ತಿಗೆ ಸರಿಯಾಗಿ ಊಟ ಮಾಡಬೇಕು ಎಂದು ಹೇಳಿದ್ದನ್ನು ಹೆಂಡತಿಗೆ ಹೇಳಲಿಲ್ಲ, ನನಗೆ ಹೇಳಿದರು. ಹೆಂಡತಿ ಬ್ರಷ್ ನೋಡಿದಳು, ನನ್ನನ್ನು ನೋಡಿದಳು, ಅದನ್ನು ಚೀಲಕ್ಕೆ ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ಆರಕ್ಕೆ ಸರಿಯಾಗಿ, ನನ್ನ ಹೊತ್ತಿನಲ್ಲಿ, ಅವಳು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಒಳಗಿಂದ ಹಲ್ಲುಜ್ಜುವ ಸದ್ದು, ನೀರು ಬಿಡುವ ಸದ್ದು, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಕನ್ನಡಿ ನೋಡಿಕೊಳ್ಳುತ್ತಿದ್ದಳೋ, ಸುಮ್ಮನೆ ನಿಂತಿದ್ದಳೋ. ಅಮ್ಮ ಬಂದು ಬಾಗಿಲು ತಟ್ಟಹೋದಳು. ಜೀವಮಾನದಲ್ಲಿ ಮೊದಲ ಸಲ ನ್ಯಾಯವಾದ ಕಾರಣಕ್ಕೆ ಸಿಟ್ಟಾಗಿ ನಾನು ಅಡ್ಡ ನಿಂತೆ. ಒಲೆಯ ಮೇಲೆ ನಾನಿಟ್ಟ ಹಾಲು ಉಕ್ಕಿಹೋಯಿತು, ಮಗಳ ಬ್ರೆಡ್ಡು ಕರಿಯಾಯಿತು. ನಾನು ಕಚೇರಿ ಮುಟ್ಟಿದಾಗ ನಲವತ್ತು ನಿಮಿಷ ತಡ.

ತಡವಾಗಿ ಬಂದವರು ಕಾರಣ ಬರೆಯುವ ರಿಜಿಸ್ಟರ್ ಸಾಹೇಬರ ಮೇಜಿನ ಮೇಲಿರುತ್ತದೆ. ಅದರಲ್ಲಿ ಎಲ್ಲರೂ ಬಸ್ಸು ಎಂದೋ ಜ್ವರ ಎಂದೋ ಬರೆಯುತ್ತಾರೆ. ನಾನು ‘ಹೆಂಡತಿ ಹಲ್ಲುಜ್ಜುತ್ತಿದ್ದಳು’ ಎಂದು ಬರೆದೆ. ಸಾಹೇಬರು ಕೆಂಪು ಪೆನ್ನು ಎತ್ತಿದವರು ಅದನ್ನು ಓದಿ ಹಾಗೇ ಹಿಡಿದುಕೊಂಡರು.

“ಉಳೀತಾ?” ಎಂದರು.

“ಉಳೀತು ಸಾರ್,” ಎಂದೆ.

ಕೆಂಪು ಗೆರೆ ಎಳೆಯದೆ ರಿಜಿಸ್ಟರ್ ಮುಚ್ಚಿದರು. ನಾನು ಬಾಗಿಲು ದಾಟುವಷ್ಟರಲ್ಲಿ ಸಾಹೇಬರು ಫೋನಿನಲ್ಲಿ ಮೆಲ್ಲಗೆ ಮಾತಾಡುವುದು ಕೇಳಿಸಿತು. ಮನೆಗೇ ಮಾಡಿದ್ದರು. ನಮ್ಮ ಬಚ್ಚಲಲ್ಲಿ ಬ್ರಷ್ ಎಷ್ಟಿವೆ, ಎಣಿಸಿ ಹೇಳು ಎನ್ನುತ್ತಿದ್ದರು.